ಒಂದು ಹನಿ ಎಣ್ಣೆ, ಒಂದು ‘ಅಂತೆ’

ಶಿಕಾಗೋಗೆ ಬಂದಿಳಿದ ಮಾರನೆಯ ಬೆಳಿಗ್ಗೆ, ತಲೆಗೆ ಒಂದಿಷ್ಟು ಹಚ್ಚಿಕೊಳ್ಳೋಣವೆಂದು ಕೊಬ್ಬರಿ ಎಣ್ಣೆ ಬಾಟಲಿ ಬಗ್ಗಿಸಿದರೆ ಒಂದು ತೊಟ್ಟೂ ಬೀಳಲಿಲ್ಲ. ಅರಸೀಕೆರೆಯ ಗಾಣದಲ್ಲಿ ಎದುರಿಗೇ ನಿಂತು ಹಿಡಿಸಿಕೊಂಡು ಬಂದ ಎಣ್ಣೆ. ಎರಡು ಪ್ಲಾಸ್ಟಿಕ್ ಚೀಲ ಹಾಕಿ, ಮೇಲೊಂದು ಹಳೇ ಟವೆಲ್ ಸುತ್ತಿ, ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಮಗುವಿನ ಹಾಗೆ ಮಲಗಿಸಿ ತಂದಿದ್ದೆ. ಏಪ್ರಿಲ್ ತಿಂಗಳಲ್ಲಿ ನಮ್ಮೂರಲ್ಲಿ ನೀರಿನ ಹಾಗೆ ಹರಿಯುವ ಎಣ್ಣೆ ಇಲ್ಲಿ ಬೆಣ್ಣೆಯ ಹಾಗೆ ಗಟ್ಟಿಯಾಗಿ ಕೂತಿತ್ತು.

ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟು ಕಾಯುತ್ತಾ ಕೂತಾಗ ಅಣ್ಣನ ನೆನಪಾಯಿತು. ನಮ್ಮ ಮನೆಯಲ್ಲಿ ಅಪ್ಪನನ್ನು ಕರೆಯುತ್ತಿದ್ದದ್ದೇ ಅಣ್ಣ ಅಂತ. ಅರಸೀಕೆರೆ ಲೋಕೋ ಶೆಡ್ಡಿನಲ್ಲಿ ಫೈರ್‌ಮನ್ ಆಗಿದ್ದು, ಕೊನೆಯ ಕೆಲವು ವರ್ಷ ಡ್ರೈವರ್ ಆದವರು. ಯಾವ ಎಣ್ಣೆ ಕಂಡರೂ, ಅಮ್ಮ ದೋಸೆಗೆಂದು ಇಟ್ಟುಕೊಂಡ ಎಣ್ಣೆಯಾದರೂ ಸರಿ, ಒಂದು ಹನಿ ಹೆಬ್ಬೆರಳ ಮೇಲೆ ಬಿಟ್ಟುಕೊಂಡು ತೋರುಬೆರಳಿನಿಂದ ಉಜ್ಜಿ ನೋಡುವುದು ಅವರ ಅಭ್ಯಾಸ. “ಚಳಿಗೆ ಎಣ್ಣೆ ಮಲಗುತ್ತೆ, ಬಿಸಿಗೆ ಓಡಿಹೋಗುತ್ತೆ. ಎರಡೂ ಎಂಜಿನ್ನಿಗೆ ಆಗಲ್ಲ” ಎನ್ನುತ್ತಿದ್ದರು. “ಇದು ಎಂಜಿನ್ನಲ್ಲ, ಕಾವಲಿ. ಬಿಡಿ ಆ ಕಡೆ” ಎಂದು ಅಮ್ಮ ಗದರುತ್ತಿದ್ದಳು.

ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಶಿಕಾಗೋದ ಹೊರವಲಯದ ನೇಪರ್‌ವಿಲ್‌ನಲ್ಲಿ, ಚಿಕ್ಕವಳು ಡೆಟ್ರಾಯಿಟ್ ಹತ್ತಿರದ ಕ್ಯಾಂಟನ್‌ನಲ್ಲಿ. ಎರಡು ವಾರ ಇಲ್ಲಿ, ಉಳಿದ ದಿನ ಅಲ್ಲಿ ಎಂದು ಅವರೇ ನನ್ನನ್ನು ಪಾಲು ಮಾಡಿಕೊಂಡಿದ್ದರು. ನೇಪರ್‌ವಿಲ್‌ನಲ್ಲಿರುವಾಗಲೇ ಕ್ಯಾಂಟನ್ನಿನಿಂದ ಮೊಮ್ಮಗನ ಫೋನು ಬಂತು. ಒಂಬತ್ತು ವರ್ಷದ ಹುಡುಗ. ಅವನ ಶಾಲೆಯಲ್ಲಿ ‘ಮೇಣದ ಮ್ಯೂಸಿಯಂ’ ಅಂತೆ. ಒಬ್ಬೊಬ್ಬ ಮಗುವೂ ಒಬ್ಬ ದೊಡ್ಡ ಮನುಷ್ಯನ ವೇಷ ಹಾಕಿಕೊಂಡು ಗೊಂಬೆಯ ಹಾಗೆ ಅಲ್ಲಾಡದೆ ನಿಂತಿರಬೇಕು. ಮುಂದೆ ನೆಲದ ಮೇಲೆ ಕೆಂಪು ಕಾಗದದ ಗುಂಡಿ. ಯಾರಾದರೂ ಅದನ್ನು ತುಳಿದರೆ ಗೊಂಬೆಗೆ ಜೀವ ಬಂದು ತನ್ನ ಕಥೆ ಹೇಳಬೇಕು. ಈ ಸಲ ಅವರ ತರಗತಿಗೆ ಬಂದ ವಿಷಯ ವಿಕ್ಟೋರಿಯಾ ರಾಣಿಯ ಕಾಲದ ಎಂಜಿನಿಯರುಗಳು.

“ನಮ್ಮ ವಿಶ್ವೇಶ್ವರಯ್ಯನವರನ್ನೇ ಮಾಡೋ” ಎಂದೆ ನಾನು. ಮೂವತ್ತು ವರ್ಷ ಶಾಲಾ ಮಾಸ್ತರಿಣಿಯಾಗಿ ಸವೆದ ನಾಲಿಗೆ. ಸೆಪ್ಟೆಂಬರ್ 15ರ ಭಾಷಣ ನಿದ್ದೆಯಲ್ಲೂ ಹೇಳಬಲ್ಲೆ. ತಪ್ಪೂ ಅಲ್ಲ, ಅವರೂ ವಿಕ್ಟೋರಿಯಾ ರಾಣಿಯ ಸರ್ಕಾರದಲ್ಲೇ ಕೆಲಸಕ್ಕೆ ಸೇರಿದವರು.

“ಇಲ್ಲ ಅಜ್ಜಿ, ಚೀಟಿ ಎತ್ತಿದ್ದಾಯ್ತು. ನನಗೆ ಎಲೈಜಾ ಮೆಕಾಯ್ ಬಂದಿದಾರೆ. ನಮ್ಮೂರಿನೋರೇ. ಇಪ್ಸಿಲಾಂಟಿ.”

ಮನುಷ್ಯನ ಹೆಸರೂ ಗೊತ್ತಿರಲಿಲ್ಲ, ಊರಿನ ಹೆಸರೂ ನಾಲಿಗೆಗೆ ಹೊರಳಲಿಲ್ಲ.

“ಏನು ಕಂಡುಹಿಡಿದರಪ್ಪ?”

“ಟ್ರೇನಿಗೆ ಎಣ್ಣೆ ಹಾಕೋ ಮೆಶೀನು.”

ಬಿಸಿನೀರಿನಲ್ಲಿ ನಿಂತಿದ್ದ ಬಾಟಲಿಯ ಕಡೆ ನೋಡಿದೆ. ಅಂಚಿನಲ್ಲಿ ಕರಗತೊಡಗಿತ್ತು.

*

ಶಿಕಾಗೋದಲ್ಲಿ ಕನ್ನಡದವರು ಬಂದರೆ ಮೊದಲು ತೋರಿಸುವುದು ವಿವೇಕಾನಂದರು ಮಾತಾಡಿದ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡ. ಅಳಿಯಂದಿರು ಅದನ್ನು ತೋರಿಸಿದರು, ಕೈಮುಗಿದೆ, ಫೋಟೋ ಆಯಿತು. ಆಮೇಲೆ, “ಅತ್ತೆ, ನಿಮಗೆ ರೈಲು ಇಷ್ಟ ಅಲ್ವಾ” ಎಂದು ದಕ್ಷಿಣಕ್ಕಿರುವ ವಿಜ್ಞಾನ ಮತ್ತು ಉದ್ಯಮ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದರು. ವಿವೇಕಾನಂದರು ಬಂದ ಅದೇ 1893ರ ಮಹಾಮೇಳದ ಕಟ್ಟಡ ಅದು. ಒಳಗೆ 999 ನಂಬರಿನ ಒಂದು ಉಗಿ ಎಂಜಿನ್ ಇದೆ. ಮೇಳಕ್ಕೆ ಬಂದವರು ಬಾಯಿ ತೆರೆದು ನೋಡಿದ ಎಂಜಿನ್ನಂತೆ. 1893ರ ಮೇ ತಿಂಗಳಲ್ಲಿ ಅದು ಗಂಟೆಗೆ 112.5 ಮೈಲಿ, ಅಂದರೆ 181 ಕಿಲೋಮೀಟರ್ ವೇಗದಲ್ಲಿ ಓಡಿತು ಎಂದು ಆಗಿನ ಪತ್ರಿಕೆಗಳು ಬರೆದವು. ರೈಲಿನ ಲೆಕ್ಕ ಬಲ್ಲವರು ಅಷ್ಟು ಓಡಿರಲಾರದು ಎಂದು ಆಗಿನಿಂದಲೂ ಅನುಮಾನಪಡುತ್ತಾ ಬಂದಿದ್ದಾರೆ. ನಾನು ಎಂಜಿನ್ನಿನ ಪಕ್ಕ ನಿಂತು ಕಣ್ಣು ಹಾಯಿಸಿದ್ದು ಬೇರೆ ಕಡೆ: ಎಣ್ಣೆ ಎಲ್ಲಿಂದ ಬಿಡುತ್ತಿದ್ದರು ಅಂತ.

ಅದೇ ಮೇಳದಲ್ಲಿ ಜಾರ್ಜ್ ಫೆರಿಸ್ ಎಂಬ ಎಂಜಿನಿಯರ್ ತನ್ನ ಮೊದಲ ತಿರುಗುಚಕ್ರ ನಿಲ್ಲಿಸಿದ್ದ. ನಮ್ಮ ಜಾತ್ರೆಗಳ ಜಯಂಟ್ ವೀಲಿನ ಮೂಲಪುರುಷ. 264 ಅಡಿ ಎತ್ತರ, 36 ತೊಟ್ಟಿಲು, ಒಂದೊಂದರಲ್ಲಿ 60 ಜನ. ತೊಟ್ಟಿಲು ಅನ್ನುವುದಕ್ಕಿಂತ ರೈಲು ಡಬ್ಬಿ ಅನ್ನಬೇಕು. ಫೆರಿಸ್ 1896ರಲ್ಲಿ, ಇನ್ನೂ 37ನೇ ವಯಸ್ಸಿಗೆ ಟೈಫಾಯ್ಡ್ ಬಂದು ತೀರಿಕೊಂಡ. ಅವನ ಚಕ್ರವನ್ನು ಹತ್ತು ವರ್ಷದ ಮೇಲೆ ಸಿಡಿಮದ್ದಿಟ್ಟು ಗುಜರಿಗೆ ಹಾಕಿದರು. ಮಕ್ಕಳಿಗೆ ಹೇಳುವ ಕಥೆಯಲ್ಲಿ ಚಕ್ರ ಮಾತ್ರ ಇರುತ್ತದೆ, ಗುಜರಿ ಇರುವುದಿಲ್ಲ. ನಾನೂ ಹಾಗೇ ಹೇಳುತ್ತಿದ್ದವಳೇ.

*

ಕ್ಯಾಂಟನ್‌ಗೆ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇವೆ ಎಂದರು. ಬೇಡ, ರೈಲಿನಲ್ಲಿ ಹೋಗುತ್ತೇನೆ ಎಂದು ಹಟ ಹಿಡಿದೆ. ಅಮೆರಿಕದಲ್ಲಿ ರೈಲಿನಲ್ಲಿ ಹೋಗುವುದು ನಮ್ಮಲ್ಲಿ ಜಟಕಾ ಗಾಡಿಯಲ್ಲಿ ಹೋಗುತ್ತೇನೆ ಎಂದ ಹಾಗೆ. ಮಗಳು ನಕ್ಕಳು, ಟಿಕೆಟ್ಟು ತೆಗೆದುಕೊಟ್ಟಳು. ಯೂನಿಯನ್ ಸ್ಟೇಷನ್ನಿನ ಎತ್ತರದ ಸಭಾಂಗಣದಲ್ಲಿ, ಸವೆದು ನುಣುಪಾದ ಮರದ ಬೆಂಚುಗಳ ಮೇಲೆ ಒಂದು ಗಂಟೆ ಕೂತಿದ್ದು, ‘ವುಲ್ವರೀನ್’ ಎಂಬ ರೈಲು ಹತ್ತಿದೆ. ಮೊದಲು ಸರೋವರದ ತಳದಂಚಿಗೆ ಉಕ್ಕಿನ ಕಾರ್ಖಾನೆಗಳ ಊರು ಗ್ಯಾರಿ, ಆಮೇಲೆ ಮರಳು ದಿಬ್ಬ, ದ್ರಾಕ್ಷಿತೋಟ, ಇನ್ನೂ ಎಲೆ ಬಿಡದ ಕಾಡು. ನೈಲ್ಸ್ ಎಂಬ ಊರಲ್ಲಿ ಕೋಟೆಯಂಥ ಕಲ್ಲಿನ ಸ್ಟೇಷನ್ನು. 1893ರ ಮೇಳಕ್ಕೆ ಹೋಗುವವರ ಕಣ್ಣು ಕುಕ್ಕಲೆಂದೇ ಮಿಶಿಗನ್ ಸೆಂಟ್ರಲ್ ಕಂಪನಿ ಹಿಂದಿನ ವರ್ಷ ಕಟ್ಟಿಸಿದ್ದು.

ಆ ಕಂಪನಿಯ ಹೆಸರು ನೋಡಿಯೇ ನಾನು ರೈಲಿನ ಹಟ ಹಿಡಿದದ್ದು. ಎಲೈಜಾ ಮೆಕಾಯ್ ಕೆಲಸ ಮಾಡಿದ್ದು ಇದೇ ಲೈನಿನಲ್ಲಿ. ಕಂಪನಿ ಹೋಗಿದೆ, ದಾರಿ ಅದೇ ಇದೆ.

ಒಂದು ಕಡೆ ರೈಲು ಎಷ್ಟು ವೇಗ ಹಿಡಿಯಿತೆಂದರೆ ಕಾಫಿ ಲೋಟದಲ್ಲಿ ಉಂಗುರ ಎದ್ದಿತು. ಈ ಭಾಗದಲ್ಲಿ ಗಂಟೆಗೆ 110 ಮೈಲಿಗೆ ಓಡಿಸುತ್ತಾರೆ ಎಂದು ಪಕ್ಕದ ಸೀಟಿನ ಹುಡುಗಿ ಹೇಳಿದಳು. 999ರ ಹಳೇ ಲೆಕ್ಕ ನಿಜವಾಗಿದ್ದರೆ 130 ವರ್ಷದ ಕೆಳಗಿನ ಆ ಕಲ್ಲಿದ್ದಲ ಎಂಜಿನ್ನು ನಮ್ಮನ್ನು ಎರಡೂವರೆ ಮೈಲಿಯಿಂದ ಹಿಂದೆ ಹಾಕಬೇಕಿತ್ತು.

ನಡುವೆ ಎಲ್ಲೋ ಗಾಡಿ ನಿಂತಿತು. ಧ್ವನಿವರ್ಧಕದಲ್ಲಿ ಕಂಡಕ್ಟರ್ ಏನೋ ಹೇಳಿದ. ‘ನಮ್ಮ ಎಂಜಿನಿಯರ್’ ಎಂಬ ಮಾತು ಎರಡು ಸಲ ಕಿವಿಗೆ ಬಿತ್ತು. ರೈಲು ಕೆಟ್ಟಿದೆ, ರಿಪೇರಿಗೆ ಎಂಜಿನಿಯರ್ ಬರಬೇಕು ಎಂದುಕೊಂಡು ಗಾಬರಿಯಾದೆ. ಹುಡುಗಿ ಸಮಾಧಾನ ಹೇಳಿದಳು: ಎದುರಿನ ಗಾಡಿಗೆ ದಾರಿ ಬಿಡಬೇಕು, ಅಷ್ಟೇ, ಎಂಜಿನಿಯರ್ ಅಂದರೆ ರೈಲು ಓಡಿಸುವವನು. ಇಲ್ಲಿ ಡ್ರೈವರಿಗೆ ಅದೇ ಹೆಸರು!

ನನಗೆ ನಗು ಬಂತು, ಕಣ್ಣೂ ತುಂಬಿತು. ಅರಸೀಕೆರೆಯಲ್ಲಿ ಎಂಜಿನಿಯರ್ ಸಾಹೇಬರೆಂದರೆ ಬಿಳೀ ಪ್ಯಾಂಟು, ಜೀಪು, ಶೆಡ್ಡಿಗೆ ಬಂದರೆ ಎರಡು ಮಾರು ದೂರ ನಿಂತು ಕೈ ಹಿಂದಕ್ಕೆ ಕಟ್ಟಿಕೊಂಡು ಮಾತು. ಎಣ್ಣೆ ಮುಟ್ಟುವವರಿಗೆ ಆ ಹೆಸರಿರಲಿಲ್ಲ, ಆ ಹೆಸರಿದ್ದವರು ಎಣ್ಣೆ ಮುಟ್ಟುತ್ತಿರಲಿಲ್ಲ. ಈ ದೇಶದಲ್ಲಿ ಹುಟ್ಟಿದ್ದರೆ ಅಣ್ಣ ಕೊನೆಯ ಆರು ವರ್ಷವಾದರೂ ಎಂಜಿನಿಯರ್ ಅನ್ನಿಸಿಕೊಳ್ಳುತ್ತಿದ್ದರು.

ಆನ್ ಆರ್ಬರ್ ದಾಟಿದ ಮೇಲೆ ಇಪ್ಸಿಲಾಂಟಿ. ರೈಲು ಅಲ್ಲಿ ನಿಲ್ಲುವುದಿಲ್ಲ. ಇಟ್ಟಿಗೆಯ ಹಳೇ ಅಂಗಡಿ ಸಾಲು, ಉದ್ದನೆಯ ಗೂಡ್ಸ್ ಶೆಡ್ಡಿನಂಥದ್ದೊಂದು, ಲೆವೆಲ್ ಕ್ರಾಸಿಂಗು. ಕತ್ತು ಹೊರಳಿಸುವಷ್ಟರಲ್ಲಿ ಹೋಯಿತು.

*

ಡಿಯರ್‌ಬಾರ್ನ್ ಸ್ಟೇಷನ್ನಿಗೆ ಮಗಳು, ಮೊಮ್ಮಗ ಬಂದಿದ್ದರು. ಹುಡುಗ ಕಾರಿನಲ್ಲೇ ಶುರು ಮಾಡಿದ. ಅವನ ಕೈಯಲ್ಲಿ ಮಕ್ಕಳ ಪುಸ್ತಕಗಳಿಂದ ಎತ್ತಿಕೊಂಡ ಹಾಳೆಗಳಿದ್ದವು. ಕಥೆ ಹೀಗಿತ್ತು.

ಕೆಂಟಕಿಯಲ್ಲಿ ಗುಲಾಮರಾಗಿದ್ದ ಜಾರ್ಜ್ ಮತ್ತು ಮಿಲ್ಡ್ರೆಡ್ ‘ನೆಲದಡಿಯ ರೈಲಿನಲ್ಲಿ’ ತಪ್ಪಿಸಿಕೊಂಡು ಕೆನಡಾ ಸೇರಿದರು. ಅಲ್ಲಿ ಬ್ರಿಟಿಷರ ಆಡಳಿತ, ಗುಲಾಮಗಿರಿ ಆಗಲೇ ರದ್ದಾಗಿತ್ತು. 1844ರಲ್ಲಿ ಆಂಟೇರಿಯೋದ ಕೊಲ್ಚೆಸ್ಟರಿನಲ್ಲಿ ಎಲೈಜಾ ಹುಟ್ಟಿದ. ಗಡಿಯಾರ, ಗಾಡಿ, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಜೋಡಿಸುವ ಹುಡುಗ. ಹದಿನೈದು ವರ್ಷಕ್ಕೆ ಅಪ್ಪ ಅಮ್ಮ ಅವನನ್ನು ಹಡಗು ಹತ್ತಿಸಿ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಕಳಿಸಿದರು. ಅಲ್ಲಿ ಕೆಲಸ ಕಲಿತು ಮೆಕ್ಯಾನಿಕಲ್ ಎಂಜಿನಿಯರ್ ಎಂದು ಸರ್ಟಿಫಿಕೇಟ್ ತೆಗೆದುಕೊಂಡು, ಅಷ್ಟರಲ್ಲಿ ಮಿಶಿಗನ್ನಿಗೆ ಬಂದು ನೆಲೆಸಿದ್ದ ಮನೆಯವರನ್ನು ಕೂಡಿಕೊಂಡ.

“ಅಜ್ಜಿ, ನೆಲದಡಿ ರೈಲು ಅಂದ್ರೆ ಮೆಟ್ರೋನಾ?”

ಅಲ್ಲ. ಅದು ರೈಲೇ ಅಲ್ಲ. ಗುಲಾಮರನ್ನು ರಾತ್ರೋರಾತ್ರಿ ಮನೆಯಿಂದ ಮನೆಗೆ, ಕೊಟ್ಟಿಗೆಯಿಂದ ಕೊಟ್ಟಿಗೆಗೆ ದಾಟಿಸುತ್ತಿದ್ದ ಜನರ ಗುಟ್ಟಿನ ಸರಪಣಿ. ಬಚ್ಚಿಡುವ ಮನೆಗೆ ‘ಸ್ಟೇಷನ್’, ದಾರಿ ತೋರುವವನಿಗೆ ‘ಕಂಡಕ್ಟರ್’ ಎಂದು ಸಂಕೇತದ ಹೆಸರು. ಡೆಟ್ರಾಯಿಟಿಗೆ ಇದ್ದ ಗುಟ್ಟಿನ ಹೆಸರು ‘ನಡುರಾತ್ರಿ’. ಮುಂದಿನ ಶನಿವಾರ ನದಿಯ ದಂಡೆಯ ಹಾರ್ಟ್ ಪ್ಲಾಜಾದಲ್ಲಿ, 2001ರಲ್ಲಿ ನಿಲ್ಲಿಸಿದ ಕಂಚಿನ ಗುಂಪನ್ನು ನೋಡಿದೆವು. ಗಂಟುಮೂಟೆ ಹಿಡಿದು ನಿಂತ ಗಂಡಸರು ಹೆಂಗಸರು ಮಕ್ಕಳು, ಎಲ್ಲರ ಮುಖ ಆಚೆ ದಡದ ಕೆನಡಾ ಕಡೆಗೆ. ವಿಚಿತ್ರವೆಂದರೆ ಆ ಜಾಗದಲ್ಲಿ ಕೆನಡಾ ಇರುವುದು ದಕ್ಷಿಣಕ್ಕೆ. ನದಿ ಅಷ್ಟೇನೂ ಅಗಲವಿಲ್ಲ; ನಮ್ಮ ಶ್ರೀರಂಗಪಟ್ಟಣದಲ್ಲಿ ಮಳೆಗಾಲದ ಕಾವೇರಿ ನೋಡಿದವರಿಗೆ ಗಾಬರಿಯಾಗುವಂಥದ್ದಲ್ಲ. ಆದರೆ ಈಜು ಬಾರದವರು, ಹಿಂದೆ ನಾಯಿ ಬಿಟ್ಟಿರುವಾಗ, ಕತ್ತಲಲ್ಲಿ ನೋಡಿದ್ದು ಬೇರೆಯೇ ನದಿಯಾಗಿರಬೇಕು.

ಹಳಿಯಿಲ್ಲದ ರೈಲಿನಲ್ಲಿ ಬಂದವರ ಮಗ ಹಳಿಯಿರುವ ರೈಲಿನಲ್ಲಿ ಕೆಲಸ ಕೇಳಲು ಹೋದ. ಕೈಯಲ್ಲಿ ಎಡಿನ್‌ಬರೋದ ಸರ್ಟಿಫಿಕೇಟ್. ಮಿಶಿಗನ್ ಸೆಂಟ್ರಲ್‌ನಲ್ಲಿ ಅವನಿಗೆ ಸಿಕ್ಕಿದ್ದು ಕಲ್ಲಿದ್ದಲು ಎಸೆಯುವ, ಎಣ್ಣೆ ಬಿಡುವ ಕೆಲಸ. ಓದಿದ ಎಂಜಿನಿಯರ್ ಆಗುವಂತಿಲ್ಲ, ಕಪ್ಪು ಮನುಷ್ಯ. ಓಡಿಸುವ ಎಂಜಿನಿಯರೂ ಆಗುವಂತಿಲ್ಲ. ಡ್ರೈವರುಗಳ ಸಂಘ 1863ರಲ್ಲಿ ಹುಟ್ಟಿದ್ದೇ ಈ ಲೈನಿನವರಿಂದ. ಕಪ್ಪು ಜನಾಂಗದವರಿಗೆ ಅದರ ಬಾಗಿಲು ಬಹುಕಾಲ ಮುಚ್ಚಿತ್ತು. ಆ ಪದಕ್ಕಿರುವ ಎರಡು ಅರ್ಥದಲ್ಲಿ ಒಂದನ್ನೂ ಅವನಿಗೆ ಕೊಡಲಿಲ್ಲ.

ಫೈರ್‌ಮನ್ ಎಂದ ಕೂಡಲೇ ನನಗೆ ಹುಮ್ಮಸ್ಸು ಬಂತು. ವೇಷದ ಮಾತು ಎದ್ದಾಗ, “ನೀಲಿ ಬಟ್ಟೆ, ತಲೆಗೊಂದು ಟೋಪಿ, ಕೆನ್ನೆ ಹಣೆಗೆ ಒಂದಿಷ್ಟು ಮಸಿ ಬಳಿದುಬಿಡೋಣ. ಥೇಟ್ ನಮ್ಮಣ್ಣ!” ಎಂದೆ.

“ಅಮ್ಮಾ, ಬೇಡ!” ಎಂದು ಮಗಳು ಹೆಚ್ಚುಕಡಿಮೆ ಕಿರುಚಿದಳು.

ನನಗೆ ಅರ್ಥವಾಗಲಿಲ್ಲ. ರಾತ್ರಿ ಹುಡುಗ ಮಲಗಿದ ಮೇಲೆ ಅವಳು ಪಾತ್ರೆ ಒರೆಸುತ್ತಾ ಹೇಳಿದಳು. ಇಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಕೋಡಂಗಿಗಳ ಹಾಗೆ ಆಡಿ ತೋರಿಸಿ ನಗುತ್ತಿದ್ದ ನಾಟಕಗಳ ಕಾಲ ಒಂದಿತ್ತು. ವಿಕ್ಟೋರಿಯಾ ರಾಣಿಯ ಕಾಲವೇ ಅದು. ಅದರ ಗಾಯ ಇನ್ನೂ ಹಸಿ. ಯಾವ ಮಗುವೂ ಯಾರ ವೇಷಕ್ಕೂ ಮುಖದ ಬಣ್ಣ ಬದಲಿಸಬಾರದು. ಸರಿ ಎಂದೆ. ಆದರೂ ಆ ರಾತ್ರಿ ನಿದ್ದೆ ಹತ್ತಲಿಲ್ಲ. ನನಗೆ ಮಸಿ ಎಂದರೆ ಪಾಳಿ ಮುಗಿಸಿ ಬಚ್ಚಲ ಮುಂದೆ ಕೂತ ಅಣ್ಣ, ಅವರ ಕಿವಿಯ ಹಿಂದೆ ಅಮ್ಮ ಸೀಗೇಪುಡಿ ಹಾಕಿ ತಿಕ್ಕುತ್ತಿದ್ದದ್ದು. ಒಂದೇ ಮಸಿ, ನಮ್ಮ ಬಚ್ಚಲಲ್ಲಿ ಒಂದು ಬಗೆ, ಇಲ್ಲಿಯ ರಂಗಮಂಚದ ಮೇಲೆ ಇನ್ನೊಂದು ಬಗೆ.

*

ಎಣ್ಣೆ ಬಿಡುವುದರಲ್ಲಿ ಅಂಥ ಕಷ್ಟ ಏನು ಎಂಬುದು ಹುಡುಗನ ಪ್ರಶ್ನೆ. ಹಾಳೆಗಳಲ್ಲಿ ‘ಯಂತ್ರಗಳು ಓಡುತ್ತಿರುವಾಗಲೇ ಎಣ್ಣೆ ಹಾಕಿದ’ ಎಂದಷ್ಟೇ ಇತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡೆ.

ಎಂಜಿನ್ನಿಗೆ ಎರಡು ಕಡೆ ಎಣ್ಣೆ ಬೇಕು. ಹೊರಗೆ ತಿರುಗುವ ಅಚ್ಚು, ಬೇರಿಂಗು, ರಾಡುಗಳಿಗೆ ಒಂದು. ಅದಕ್ಕೆ ಗಾಡಿ ನಿಂತಲ್ಲೆಲ್ಲ ಉದ್ದ ಮೂತಿಯ ಎಣ್ಣೆ ಕ್ಯಾನು, ಕೈಯಲ್ಲೊಂದು ಹತ್ತಿ ವೇಸ್ಟು ಹಿಡಿದು ಸುತ್ತು ಹಾಕಬೇಕು. ಇನ್ನೊಂದು ಸಿಲಿಂಡರಿನ ಒಳಗೆ. ಅಲ್ಲಿ ಹಬೆ ನುಗ್ಗಿ ಪಿಸ್ಟನ್ನನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತಿರುತ್ತೆ. ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿದರೆ ಸವೆದು ಹಾಳು. ಎಣ್ಣೆ ಬಿಡೋಣವೆಂದು ಮುಚ್ಚಳ ತೆಗೆದರೆ ಒಳಗಿನ ಹಬೆ ಎಣ್ಣೆಯನ್ನು ಮುಖಕ್ಕೇ ಎರಚುತ್ತೆ. ಅದಕ್ಕೇ ಆ ಕಾಲದಲ್ಲಿ ಇಳಿಜಾರಿನಲ್ಲಿ ಹಬೆ ಬಂದ್ ಮಾಡಿದಾಗ ಫೈರ್‌ಮನ್ ಓಡುವ ಎಂಜಿನ್ನಿನ ಪಕ್ಕದ ಹಲಗೆ ಹಿಡಿದು ಮುಂದಿನವರೆಗೂ ಹೋಗಿ, ಸಿಲಿಂಡರಿನ ಬಟ್ಟಲಿಗೆ ಕರಗಿಸಿದ ಕೊಬ್ಬು ಸುರಿದು ಬರಬೇಕಿತ್ತು. ಮಳೆಯಲ್ಲಿ, ಹಿಮದಲ್ಲಿ.

“ಮೆಕಾಯ್ ತಾತ ಏನು ಮಾಡಿದ್ರು ಗೊತ್ತಾ? ಯಾವ ಹಬೆ ಎಣ್ಣೆಯನ್ನು ಒಳಗೆ ಬಿಡ್ತಿರಲಿಲ್ಲವೋ ಆ ಹಬೆಯ ಕೈಯಲ್ಲೇ ಬಾಗಿಲು ತೆಗೆಸಿದ್ರು.” ಎಣ್ಣೆ ತುಂಬಿದ ಬಟ್ಟಲನ್ನು ಎಂಜಿನ್ನಿಗೇ ಕೂರಿಸುವುದು. ಅದರ ನಡುವೆ ಒಂದು ಕೊಳವೆ. ಎಂಜಿನ್ನಿನದೇ ಹಬೆ ಆ ಕೊಳವೆಯಲ್ಲಿ ಮೇಲೇರಿ ಪುಟ್ಟ ಪಿಸ್ಟನ್ನೊಂದನ್ನು ಎತ್ತುತ್ತದೆ, ಅದರ ಜೊತೆಗೆ ಎಣ್ಣೆಯ ವಾಲ್ವು ತೆರೆದುಕೊಳ್ಳುತ್ತದೆ. ಹಬೆ ಇದ್ದಾಗ ಎಣ್ಣೆ ಇಳಿಯುತ್ತದೆ, ಹಬೆ ನಿಂತರೆ ಬಾಗಿಲು ಮುಚ್ಚುತ್ತದೆ. 1872ರ ಜುಲೈಯಲ್ಲಿ ಇದಕ್ಕೆ ಪೇಟೆಂಟ್ ಬಂತು, ನಂಬರ್ 129843. ಮಕ್ಕಳಿಗೆ ನಂಬರು ಇಷ್ಟ. ಹುಡುಗ ಅದನ್ನು ಬಾಯಿಪಾಠ ಮಾಡಿದ.

ನಾನು ಇದನ್ನೆಲ್ಲ ಹೇಳಬಲ್ಲವಳಾದದ್ದು ಯಾವ ಪುಸ್ತಕದಿಂದಲೂ ಅಲ್ಲ. ಏಳೆಂಟು ವರ್ಷದವಳಿದ್ದಾಗ ಅಣ್ಣ ಒಮ್ಮೆ ಶೆಡ್ಡಿನಲ್ಲಿ ನಿಂತಿದ್ದ ಹಳೇ ಎಂಜಿನ್ನಿಗೆ ಹತ್ತಿಸಿ ಒಂದು ಗಾಜಿನ ನಳಿಗೆ ತೋರಿಸಿದ್ದರು. ನಳಿಗೆಯ ತುಂಬ ನೀರು, ಅದರೊಳಗೆ ಎಣ್ಣೆ ಒಂದೊಂದೇ ಹನಿಯಾಗಿ ಕೆಳಗಿನಿಂದ ಮೇಲಕ್ಕೆ ಏರುತ್ತಿತ್ತು. ಮಳೆ ತಲೆಕೆಳಗಾದ ಹಾಗೆ. “ಈ ಹನಿ ಎಣಿಸ್ತಾ ಇದ್ದರೆ ಆಯ್ತು, ಹೊರಗೆ ಹೋಗೋ ಹಾಗಿಲ್ಲ” ಎಂದಿದ್ದರು. ಆ ಗಾಜಿನ ನಳಿಗೆ ಮೆಕಾಯ್‌ದಲ್ಲ, ಬೇರೆಯವರ ಬೇರೆ ಉಪಾಯ. ಆದರೆ ಕುಲ ಒಂದೇ.

“ಹಾಗಾದ್ರೆ ಇವರೇ ಫಸ್ಟ್ ಅಲ್ವಾ?” ಹುಡುಗನ ಮುಖ ಸಣ್ಣದಾಯಿತು.

ಅಲ್ಲ. ಇಂಗ್ಲೆಂಡಿನಲ್ಲಿ ಜಾನ್ ರ‍್ಯಾಮ್ಸ್‌ಬಾಟಮ್ ಎಂಬಾತ 1860ರಲ್ಲೇ ಒಂದು ಬಗೆ ಮಾಡಿದ್ದ. ಮೆಕಾಯ್ ತಮ್ಮ ಪೇಟೆಂಟಿನ ತಲೆಬರಹದಲ್ಲೇ ‘ಸುಧಾರಣೆ’ ಎಂದು ಹಾಕಿದ್ದಾರೆ. ಒಟ್ಟು 57 ಪೇಟೆಂಟುಗಳಲ್ಲಿ ಬಹುಪಾಲು ಎಣ್ಣೆ ಬಿಡುವುದಕ್ಕೇ ಸಂಬಂಧಿಸಿದವು. ಅದದೇ ಬಟ್ಟಲು, ಅದದೇ ವಾಲ್ವು, ಪ್ರತಿ ಸಲ ಇನ್ನೊಂದಿಷ್ಟು ಸರಿಯಾಗಿ. ನಡುವೆ 1874ರಲ್ಲಿ ಇಸ್ತ್ರಿ ಮಾಡುವ ಮಡಿಸುವ ಮೇಜಿಗೆ ಒಂದು, 1899ರಲ್ಲಿ ಹುಲ್ಲಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರಿಗೆ ಒಂದು. ಎಪ್ಪತ್ತು ದಾಟಿದ ಮೇಲೆ, 1915ರಲ್ಲಿ, ಅವರೇ ತಮ್ಮ ಕೆಲಸದಲ್ಲೆಲ್ಲ ಮೇಲು ಎಂದುಕೊಂಡಿದ್ದ ಗ್ರಾಫೈಟ್ ಲೂಬ್ರಿಕೇಟರ್ ಬಂತು. ಆ ಹೊತ್ತಿಗೆ ಎಂಜಿನ್ನುಗಳಲ್ಲಿ ಹಬೆಯನ್ನು ಇನ್ನೂ ವಿಪರೀತ ಕಾಯಿಸತೊಡಗಿದ್ದರು. ಆ ಬಿಸಿಗೆ ಎಣ್ಣೆ ಸುಟ್ಟು ತೆಳ್ಳಗಾಗಿ ನಿಲ್ಲುತ್ತಲೇ ಇರಲಿಲ್ಲ. ಎಣ್ಣೆಯ ಜೊತೆ ಸೀಸದಕಡ್ಡಿಯ ಪುಡಿ ಬೆರೆಸಿ, ಅದು ಗಂಟುಕಟ್ಟಿ ದಾರಿ ಮುಚ್ಚದ ಹಾಗೆ ಕಳಿಸುವ ಉಪಾಯ ಅದು. “ಬಿಸಿಗೆ ಓಡಿಹೋಗುತ್ತೆ” ಎಂದು ಅಣ್ಣ ಹೇಳುತ್ತಿದ್ದ ಓಟವನ್ನು ಹಿಡಿದು ನಿಲ್ಲಿಸಿದ್ದು.

*

ಹುಡುಗನಿಗೆ ಇದೆಲ್ಲಕ್ಕಿಂತ ಬೇಕಾಗಿದ್ದದ್ದು ಇನ್ನೊಂದು. ಇಂಗ್ಲಿಷಿನಲ್ಲಿ ಅಸಲಿ ಮಾಲಿಗೆ ‘ರಿಯಲ್ ಮೆಕಾಯ್’ ಎನ್ನುತ್ತಾರೆ. ರೈಲ್ವೆಯವರು ನಕಲಿ ಲೂಬ್ರಿಕೇಟರು ತಂದವರನ್ನು “ಇದು ಅಸಲಿ ಮೆಕಾಯ್ ತಾನೆ?” ಎಂದು ಕೇಳಿ ಕೇಳಿ ಆ ಮಾತು ಹುಟ್ಟಿತು. ಅವನ ಎಲ್ಲ ಹಾಳೆಗಳ ಕೊನೆಯಲ್ಲೂ ಈ ಕಥೆ ಇತ್ತು. ಅವನ ಭಾಷಣವೂ ಅಲ್ಲಿಗೇ ಹೋಗಿ ಮುಟ್ಟುತ್ತಿತ್ತು.

ಅಳಿಯನ ಕಂಪ್ಯೂಟರಿನಲ್ಲಿ ಕೂತು ಅವನ ಜೊತೆಗೇ ಹುಡುಕಿದೆ. 1856ರಲ್ಲೇ ಸ್ಕಾಟ್ಲೆಂಡಿನ ಪದ್ಯವೊಂದರಲ್ಲಿ ‘ರಿಯಲ್ ಮೆಕೇ’ ಎಂಬ ಮಾತು ಬಂದಿದೆ, ವಿಸ್ಕಿಯ ವಿಷಯಕ್ಕೆ. ಆಗ ಎಲೈಜಾಗೆ ಹನ್ನೆರಡು ವರ್ಷ. ಆ ಮಾತು ಅವರಿಂದ ಹುಟ್ಟಿದ್ದಿರಲಾರದು. ಆಮೇಲೆ ಅವರ ಹೆಸರಿಗೆ ಬಂದು ಅಂಟಿಕೊಂಡಿರಬೇಕು.

ಹುಡುಗ ಅತ್ತೇಬಿಟ್ಟ. ನನಗೆ ತಡೆಯಲಾಗಲಿಲ್ಲ, ನನ್ನ ಗುಟ್ಟನ್ನು ಹೇಳಿದೆ. ವಿಶ್ವೇಶ್ವರಯ್ಯನವರು ರಾತ್ರಿ ರೈಲಿನಲ್ಲಿ ಕಿಟಕಿಗೆ ತಲೆ ಒರಗಿಸಿ ಕೂತಿದ್ದರು, ಸುತ್ತ ಇದ್ದ ಇಂಗ್ಲಿಷರು ಗೇಲಿ ಮಾಡುತ್ತಿದ್ದರು, ತಟ್ಟನೆ ಎದ್ದು ಚೈನು ಎಳೆದರು, ನೋಡಿದರೆ ಮುಂದೆ ಹಳಿ ಕಿತ್ತುಬಂದಿತ್ತು, ಹಳಿಯ ಸದ್ದಿನಲ್ಲೇ ಅವರಿಗೆ ಗೊತ್ತಾಗಿತ್ತು. ಮೂವತ್ತು ವರ್ಷ ನಾನು ಈ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಯಾವ ರೈಲು, ಯಾವ ಇಸವಿ, ಯಾವ ಸ್ಟೇಷನ್ ಎಂದು ಒಂದು ದಿನ ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದಾಗ ಸೆರಗು ಸರಿಮಾಡಿಕೊಂಡು ಪಾಠ ಮುಂದುವರಿಸಿದ್ದೆ. ಅದೇ ವಿಶ್ವೇಶ್ವರಯ್ಯನವರು ಪುಣೆಯ ಹತ್ತಿರ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಕೂರಿಸಿದ ಬಾಗಿಲುಗಳ ಬಗ್ಗೆ, ನೀರು ಮಟ್ಟ ಮೀರಿದರೆ ತಾವೇ ತೆರೆದು ಇಳಿದ ಮೇಲೆ ತಾವೇ ಮುಚ್ಚಿಕೊಳ್ಳುತ್ತಿದ್ದ ಬಾಗಿಲುಗಳ ಬಗ್ಗೆ, ಯಾವ ಸೆಪ್ಟೆಂಬರಿನಲ್ಲೂ ಬಿಡಿಸಿ ಹೇಳಲಿಲ್ಲ. ನೀರಿನ ಕೈಯಲ್ಲೇ ನೀರಿನ ಬಾಗಿಲು ತೆಗೆಸಿದ್ದು. ಹಬೆಯ ಕೈಯಲ್ಲಿ ಎಣ್ಣೆಯ ಬಾಗಿಲು ತೆಗೆಸಿದವರ ಅಣ್ಣತಮ್ಮ ಅನ್ನಿಸುವಂಥ ಕೆಲಸ. ಚೈನು ಎಳೆಯುವುದು ಸುಲಭವಾಗಿತ್ತು, ಎಳೆದೆ.

“ಹಾಗಾದ್ರೆ ಆ ಕಥೆ ಹೇಳಲೇಬಾರದಾ?”

“ಹೇಳು. ‘ಅಂತೆ’ ಸೇರಿಸಿ ಹೇಳು. ಆ ಮಾತು ಇವರಿಂದಲೇ ಬಂತಂತೆ. ನೋಡಿದವರು ಯಾರೂ ಇಲ್ಲ, ಜನ ಹೇಳ್ತಾರೆ, ಅಷ್ಟೇ. ‘ಅಂತೆ’ ಅಂದರೆ ಸುಳ್ಳು ಅಂತಲೂ ಅಲ್ಲ, ನಿಜ ಅಂತಲೂ ಅಲ್ಲ.”

ಅಂತೆ ಕಂತೆಗಳ ಸಂತೆ ಎಂದು ಈ ಪದವನ್ನು ನಾವೇ ಬೈಯುತ್ತೇವೆ. ಬೈಗುಳಕ್ಕಿಂತ ಹೆಚ್ಚಿನ ಮರ್ಯಾದೆ ಅದಕ್ಕೆ ಸಲ್ಲಬೇಕು ಎಂದು ನನಗೆ ಹೊಳೆದದ್ದು ಅಮೆರಿಕದ ಅಡುಗೆಮನೆಯೊಂದರಲ್ಲಿ, ಅರ್ಧ ಕನ್ನಡ ಬಲ್ಲ ಹುಡುಗನ ಕಣ್ಣೀರು ಒರೆಸುವಾಗ. ಇಂಗ್ಲಿಷಿನಲ್ಲಿ ಅದಕ್ಕೆ ಒಂದೇ ಮಾತು ಸಿಗದೆ ಅವನು ತುಂಬ ಒದ್ದಾಡಿದ.

*

ಗ್ರೀನ್‌ಫೀಲ್ಡ್ ವಿಲೇಜ್ ಎಂಬುದು ಹೆನ್ರಿ ಫೋರ್ಡ್ ಎಲ್ಲೆಲ್ಲಿಂದಲೋ ಹಳೇ ಮನೆ, ಅಂಗಡಿ, ಕಾರ್ಖಾನೆಗಳನ್ನು ತರಿಸಿ ಡಿಯರ್‌ಬಾರ್ನ್‌ನಲ್ಲಿ ಕೂಡಿಸಿದ ಊರು. ಪಕ್ಕದ ಮ್ಯೂಸಿಯಮ್ಮಿನಲ್ಲಿ 1941ರ ‘ಅಲೆಗೇನಿ’ ಎಂಬ ಎಂಜಿನ್ ಇದೆ. ಟೆಂಡರ್ ಸೇರಿ 125 ಅಡಿ ಉದ್ದ. ಹುಡುಗ ಅದರ ಮೇಲೆ ಹತ್ತಿ ಇಳಿದ. ನನಗೆ ಹಿಡಿಸಿದ್ದು ಊರನ್ನು ಸುತ್ತುವ ಪುಟ್ಟ ‘ಟಾರ್ಚ್ ಲೇಕ್’. 1873ರಲ್ಲಿ, ಮೆಕಾಯ್ ಮೊದಲ ಪೇಟೆಂಟ್ ಪಡೆದ ಮರುವರ್ಷ ಕಟ್ಟಿದ್ದು. ಇನ್ನೂ ಓಡುತ್ತದೆ. ರೌಂಡ್‌ಹೌಸಿನ ಬಾಗಿಲಲ್ಲಿ ನಿಂತಾಗ ಕಲ್ಲಿದ್ದಲು ಹೊಗೆ, ಬಿಸಿ ಎಣ್ಣೆ, ಒದ್ದೆ ಕಬ್ಬಿಣ ಮೂರೂ ಕೂಡಿದ ವಾಸನೆ ಬಂತು. ಐವತ್ತು ವರ್ಷ ಎಲ್ಲಿ ಹೋಗಿತ್ತೋ. ಒಬ್ಬ ಹುಡುಗಿ, ಇಪ್ಪತ್ತೈದು ದಾಟಿರಲಿಕ್ಕಿಲ್ಲ, ಕೈಯಲ್ಲಿ ಉದ್ದ ಮೂತಿಯ ಕ್ಯಾನು ಹಿಡಿದು ರಾಡಿನ ಒಂದೊಂದು ಕೀಲಿಗೂ ಎಣ್ಣೆ ಬಿಡುತ್ತಿದ್ದಳು. ಬಿಟ್ಟು, ಒರೆಸಿ, ಅಂಗೈಯನ್ನು ಬೇರಿಂಗಿನ ಮೇಲಿಟ್ಟು ಬಿಸಿ ನೋಡುತ್ತಿದ್ದಳು. ಅಣ್ಣನೂ ಹಾಗೇ ಮಾಡುತ್ತಿದ್ದದ್ದು, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.

ಮೆಕಾಯ್ 1882ರಲ್ಲಿ ಡೆಟ್ರಾಯಿಟಿಗೆ ಬಂದು ನೆಲೆಸಿದರು. ಬಂಡವಾಳವಿಲ್ಲದೆ ಎಷ್ಟೋ ಪೇಟೆಂಟುಗಳ ಹಕ್ಕು ಮಾರಬೇಕಾಯಿತು. ಸ್ವಂತ ಹೆಸರಿನ ಕಂಪನಿ ಆಗುವ ಹೊತ್ತಿಗೆ 1920, ಅವರಿಗೆ 76. ಎರಡೇ ವರ್ಷಕ್ಕೆ ಕಾರು ಅಪಘಾತ. ಹೆಂಡತಿ ಮೇರಿ ಅದರಿಂದ ಚೇತರಿಸಿಕೊಳ್ಳಲಿಲ್ಲ. ಮೆಕಾಯ್ 1929ರ ಅಕ್ಟೋಬರ್ 10ರಂದು ತೀರಿಕೊಂಡದ್ದು ಎಲೋಯಿಸ್ ಎಂಬಲ್ಲಿದ್ದ ಬಡವರ, ವೃದ್ಧರ, ಮನೋರೋಗಿಗಳ ಸರ್ಕಾರಿ ಆಸ್ಪತ್ರೆಯಲ್ಲಿ. ಮಗಳ ಮನೆಯಿಂದ ಮಿಶಿಗನ್ ಅವೆನ್ಯೂ ಹಿಡಿದು ಪೂರ್ವಕ್ಕೆ ಹೋದರೆ ಅದರ ಉಳಿದ ಕಟ್ಟಡ ದಾರಿಯಲ್ಲೇ ಸಿಗುತ್ತದೆ. ಈಗ ಅದು ಭೂತದ ಮನೆ. ನಿಜವಾಗಿ: ಟಿಕೆಟ್ ಕೊಟ್ಟು ಒಳಗೆ ಹೋದರೆ ಹೆದರಿಸಿ ಕಳಿಸುತ್ತಾರೆ. ಅವರನ್ನು ಮಣ್ಣು ಮಾಡಿದ್ದು ವಾರೆನ್‌ನಲ್ಲಿ, ಬೇರೆ ಸ್ಮಶಾನಗಳ ತಾರತಮ್ಯ ಸಾಕಾಗಿ ಕಪ್ಪು ಜನರೇ 1925ರಲ್ಲಿ ಮಾಡಿಕೊಂಡ ಸ್ಮಶಾನದಲ್ಲಿ. 2012ರಲ್ಲಿ ವಾಷಿಂಗ್ಟನ್ನಿನ ಆಸುಪಾಸು ಬಿಟ್ಟು ಹೊರಗೆ ಮೊದಲ ಪೇಟೆಂಟ್ ಕಚೇರಿ ಡೆಟ್ರಾಯಿಟಿನಲ್ಲಿ ತೆರೆದಾಗ ಅದಕ್ಕೆ ಅವರ ಹೆಸರಿಟ್ಟರು.

ಆಸ್ಪತ್ರೆಯ ವಿಷಯ ಒಂಬತ್ತು ವರ್ಷದವನಿಗೆ ಹೇಳಬೇಕೋ ಬೇಡವೋ ಎಂದು ನಾನೂ ಮಗಳೂ ಎರಡು ದಿನ ಚರ್ಚೆ ಮಾಡಿದೆವು. ನಾವು ತೀರ್ಮಾನಕ್ಕೆ ಬರುವ ಮೊದಲೇ ಅವನು ಓದಿಕೊಂಡಿದ್ದ.

*

ಮೇಣದ ಮ್ಯೂಸಿಯಮ್ಮಿನ ಸಂಜೆ ಶಾಲೆಯ ಜಿಮ್ಮಿನಲ್ಲಿ ಇಪ್ಪತ್ತೆಂಟು ಗೊಂಬೆಗಳು. ಹ್ಯಾಟು ಹಾಕಿದ ಎಂಜಿನಿಯರ್ ಬ್ರೂನೆಲ್‌ಗಳೇ ಮೂವರು. ನಮ್ಮವನು ನೀಲಿ ಮೇಲುಡುಪು, ಚಪ್ಪಟೆ ಟೋಪಿ, ಕೈಯಲ್ಲಿ ಹಾರ್ಡ್‌ವೇರ್ ಅಂಗಡಿಯಿಂದ ತಂದ ಉದ್ದ ಮೂತಿಯ ಎಣ್ಣೆ ಕ್ಯಾನು. ಖಾಲಿ ಕ್ಯಾನು ಹಿಡಿದರೆ ಸುಳ್ಳಾಗುತ್ತೆ ಎಂದು ಅವನ ವಾದ. ಅದಕ್ಕೆ ನನ್ನ ಅರಸೀಕೆರೆ ಎಣ್ಣೆಯನ್ನೇ ಬಿಸಿಮಾಡಿ ತುಂಬಿದ್ದೆ.

ಗುಂಡಿ ತುಳಿದವರಿಗೆಲ್ಲ ಅವನು ಹೇಳಿದ. ಕೆಂಟಕಿ, ಎಡಿನ್‌ಬರೋ, ಹಬೆಯ ಕೈಯಲ್ಲಿ ಬಾಗಿಲು, 129843, ‘ಸುಧಾರಣೆ’, ಎಲೋಯಿಸ್. ಅಸಲಿ ಮೆಕಾಯ್ ಕಥೆಗೆ ಬಂದಾಗ ಇಂಗ್ಲಿಷ್ ನಿಲ್ಲಿಸಿ, “ನಮ್ಮ ಕನ್ನಡದಲ್ಲಿ ಇದಕ್ಕೆ ‘ಅಂತೆ’ ಅಂತಾರೆ” ಎಂದ. “ಆಂಟಿ?” ಎಂದು ಒಬ್ಬಾಕೆ ಕೇಳಿದರು, ಯಾರ ಚಿಕ್ಕಮ್ಮ ಹೇಳಿದ್ದು ಅಂತ. ಅವನು ಮೊದಲಿನಿಂದ ವಿವರಿಸತೊಡಗಿದ, ಹಿಂದೆ ಸಾಲು ಬೆಳೆಯಿತು.

ಕೊನೆಕೊನೆಗೆ ಒಬ್ಬರು ವಯಸ್ಸಾದ ಕಪ್ಪು ಮನುಷ್ಯ ಬಂದರು. ಯಾವುದೋ ಮಗುವಿನ ಅಜ್ಜ. ಗುಂಡಿ ತುಳಿಯಲಿಲ್ಲ, ಬಾಗಿ ಬೆರಳಿನಿಂದ ಒತ್ತಿದರು. ಪೂರ್ತಿ ಕೇಳಿಸಿಕೊಂಡರು. ಕ್ಯಾನಿನಲ್ಲಿ ನಿಜವಾಗಿ ಎಣ್ಣೆ ಇದೆಯೇ ಎಂದು ಕೇಳಿದರು. ಹುಡುಗ ಹೂಂ ಎಂದು ಬಗ್ಗಿಸಿದ. ಬೀಳಲಿಲ್ಲ. ಜಿಮ್ಮಿನ ಎಸಿಗೆ ಮೂತಿಯಲ್ಲೇ ಕಟ್ಟಿಕೊಂಡಿತ್ತು. ಅವನು ನನ್ನ ಕಡೆ ನೋಡಿದ. ನಾನು ಎದ್ದು ಬರುವಷ್ಟರಲ್ಲಿ ಆ ಅಜ್ಜ ಕ್ಯಾನು ತೆಗೆದುಕೊಂಡು, ಅದರ ಮೂತಿಯನ್ನು ಎರಡೂ ಅಂಗೈಗಳ ನಡುವೆ ಮುಚ್ಚಿ ಹಿಡಿದರು. ಯಾವ ಎಣ್ಣೆ, ಎಲ್ಲಿಯದು ಎಂದು ಕೇಳುತ್ತಾ ಹಾಗೇ ನಿಂತರು. ಹುಡುಗ ತೆಂಗಿನಮರ, ಅರಸೀಕೆರೆ, ತನ್ನ ಮುತ್ತಜ್ಜ ಎಂದು ಹೇಳುತ್ತಲೇ ಇದ್ದ. ಸ್ವಲ್ಪ ಹೊತ್ತಾದ ಮೇಲೆ ಅವರು ಕ್ಯಾನನ್ನು ಓರೆ ಮಾಡಿದರು. ಒಂದು ಹನಿ ಅವರ ಹೆಬ್ಬೆರಳ ಮೇಲೆ ಬಿತ್ತು. ತೋರುಬೆರಳಿನಿಂದ ಅದನ್ನು ಮೆಲ್ಲಗೆ ಉಜ್ಜಿ ನೋಡಿದರು.